ಜಾಹೀರಾತೇ ಬೇಡ ಅಂದಿದ್ದ ವಾಟ್ಸಾಪ್: ಜಾನ್ ಕೂಮ್ ಯಾರು, ಅವರು ಕಟ್ಟಿದ್ದು ಏನು?

ಮಳೆಗಾಲ ಬಂತೆಂದರೆ ಮಂಡ್ಯ, ಮೈಸೂರು ಕಡೆ ಬೆಳಿಗ್ಗೆ ಎದ್ದ ಕೂಡಲೇ ಫೋನಿಗೆ ಬರುವ ಮೆಸೇಜು ಕೆಆರ್‌ಎಸ್‌ನದ್ದು. ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಊರ ಗ್ರೂಪಿನಿಂದ ರೈತರ ಗ್ರೂಪಿಗೆ, ಅಲ್ಲಿಂದ ಯಾರದ್ದೋ ಸ್ಟೇಟಸ್‌ಗೆ. ಆ ಸ್ಟೇಟಸ್‌ಗಳ ನಡುವೆ ಇನ್ನು ಮೇಲೆ ಜಾಹೀರಾತೂ ಬರುತ್ತದೆ ಎಂದು ವಾಟ್ಸಾಪ್‌ನ ಮಾಲೀಕ ಕಂಪನಿ ಮೆಟಾ (ಹಿಂದೆ ಇದರ ಹೆಸರು ಫೇಸ್‌ಬುಕ್) 2025ರ ಜೂನ್‌ನಲ್ಲಿ ಪ್ರಕಟಿಸಿತು.

ಇಷ್ಟು ದಿನ ಇರಲಿಲ್ಲವಲ್ಲ, ಈಗ್ಯಾಕೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಇರಲಿಲ್ಲ, ನಿಜ. ಹಾಗೆ ಇಲ್ಲದಿದ್ದದ್ದು ಆಕಸ್ಮಿಕವಲ್ಲ. ಅದನ್ನು ಕಟ್ಟಿದ ಇಬ್ಬರು ಬೇಡವೆಂದು ಹಟ ಹಿಡಿದಿದ್ದರು. ಅವರಲ್ಲಿ ಒಬ್ಬರಾದ ಜಾನ್ ಕೂಮ್ ಅಮೆರಿಕಕ್ಕೆ ವಲಸೆ ಬಂದ ಹುಡುಗ. ಅವರ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ನಾವು ದಿನಾ ಬಳಸುವ ಈ ಆ್ಯಪ್ ಹೀಗೇಕಿದೆ ಅನ್ನುವುದು ಅರ್ಥವಾಗುತ್ತದೆ.

ಫೋನಿನಲ್ಲಿ ಮಾತಾಡಲು ಹೆದರುತ್ತಿದ್ದ ಮನೆ

ಕೂಮ್ ಹುಟ್ಟಿದ್ದು 1976ರ ಫೆಬ್ರುವರಿ 24ರಂದು, ಕೀವ್‌ನಲ್ಲಿ. ಆಗ ಯುಕ್ರೇನ್ ಸೋವಿಯತ್ ಒಕ್ಕೂಟದ ಭಾಗ. ಬೆಳೆದಿದ್ದು ಕೀವ್ ಹತ್ತಿರದ ಫಾಸ್ಟಿವ್ ಎಂಬ ಊರಿನಲ್ಲಿ. ಅಪ್ಪ ಕಟ್ಟಡ ಕೆಲಸದ ಮೇಲ್ವಿಚಾರಕರು, ಅಮ್ಮ ಗೃಹಿಣಿ. ಯಹೂದಿ ಮನೆತನ, ಒಬ್ಬನೇ ಮಗ. ಮೈ ಕೊರೆಯುವ ಚಳಿಯ ದೇಶದಲ್ಲಿ ಮನೆಗೆ ಬಿಸಿನೀರಿನ ಸೌಕರ್ಯ ಇರಲಿಲ್ಲ.

ಅವರ ಅಪ್ಪ ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದದ್ದೇ ಕಡಿಮೆ. ಸರ್ಕಾರ ಕದ್ದು ಕೇಳಬಹುದು ಎನ್ನುವ ಭಯ. ಹೇಳಬೇಕಾದ್ದನ್ನು ಎದುರಾಬದುರು ಕೂತು ಹೇಳಬೇಕು, ತಂತಿಯ ಮೇಲೆ ಹೇಳಬಾರದು. ಮುಂದೆ ಇವರು ಮಾಡಿದ ಕೆಲಸ ಯಾವುದು ಅಂತ ಗೊತ್ತಿರುವ ನಮಗೆ ಈ ವಿಷಯ ತುಸು ಜಾಸ್ತಿಯೇ ಕಣ್ಣಿಗೆ ಬೀಳುತ್ತದೆ.

ಸೋವಿಯತ್ ಒಕ್ಕೂಟ ಒಡೆದ ಮರುವರ್ಷ, 1992ರಲ್ಲಿ, ಅಮ್ಮ ಮತ್ತು ಅಜ್ಜಿಯ ಜೊತೆ ಹುಡುಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿಗೆ ಬಂದ. ವಯಸ್ಸು 16. ಅಪ್ಪ ಆಮೇಲೆ ಬರುವುದೆಂದು ಮಾತಾಗಿತ್ತು. ಬರಲೇ ಇಲ್ಲ. 1997ರಲ್ಲಿ ಅಲ್ಲೇ ತೀರಿಕೊಂಡರು.

ಫುಡ್ ಸ್ಟ್ಯಾಂಪ್ ಅಂದರೇನು?

ಅಮೆರಿಕಕ್ಕೆ ಹೋದವರೆಲ್ಲ ಹೋದ ಮರುದಿನವೇ ಡಾಲರ್ ಎಣಿಸುತ್ತಾರೆ ಅನ್ನುವ ಭಾವನೆ ನಮ್ಮಲ್ಲಿ ಇನ್ನೂ ಇದೆ. ಈ ಮನೆಯವರು ಸೂಟ್‌ಕೇಸಿನಲ್ಲಿ ತಂದಿದ್ದು ಪೆನ್ನು ಮತ್ತು ಸೋವಿಯತ್ ಕಾಲದ ಸುಮಾರು 20 ನೋಟ್‌ಬುಕ್. ಅಲ್ಲಿ ಶಾಲೆಗೆ ಬೇಕಾದ ಸಾಮಾನು ಕೊಳ್ಳುವ ಖರ್ಚು ಉಳಿಯಲಿ ಅಂತ ಅಮ್ಮ ಅವನ್ನು ತುಂಬಿಕೊಂಡು ಬಂದಿದ್ದರು.

ಸರ್ಕಾರದ ನೆರವಿನಿಂದ ಎರಡು ಕೋಣೆಯ ಸಣ್ಣ ಮನೆ ಸಿಕ್ಕಿತು. ಅಮ್ಮ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹುಡುಗ ದಿನಸಿ ಅಂಗಡಿಯೊಂದರಲ್ಲಿ ನೆಲ ಗುಡಿಸಿದ. ಅಮ್ಮನಿಗೆ ಕ್ಯಾನ್ಸರ್ ಬಂದ ಮೇಲೆ ಅಂಗವೈಕಲ್ಯ ಭತ್ಯೆಯಲ್ಲಿ ಸಂಸಾರ ನಡೆಯಿತು. 2000ದಲ್ಲಿ ಅಮ್ಮನೂ ಹೋದರು.

ಊಟಕ್ಕೆ ಇದ್ದದ್ದು ಫುಡ್ ಸ್ಟ್ಯಾಂಪ್. ಬಡವರಿಗೆ ಆಹಾರ ಕೊಳ್ಳಲು ಅಮೆರಿಕ ಸರ್ಕಾರ ಕೊಡುವ ಚೀಟಿ ಅದು. ಉದ್ದೇಶ ನಮ್ಮ ರೇಷನ್ ಕಾರ್ಡಿನದ್ದೇ, ವಿಧಾನ ಮಾತ್ರ ಬೇರೆ. ಇಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ, ರಾಗಿ ಕೊಡುತ್ತಾರೆ. ಅಲ್ಲಿ ಚೀಟಿ ಕೊಡುತ್ತಿದ್ದರು, ಅದನ್ನು ಮಾಮೂಲಿ ಅಂಗಡಿಗೆ ಕೊಟ್ಟು ಬೇಕಾದ ಆಹಾರ ತರಬೇಕಿತ್ತು. ಈಗ ಚೀಟಿಯ ಬದಲು ಕಾರ್ಡ್ ಬಂದಿದೆ. ಆ ಚೀಟಿಗಾಗಿ ಮೌಂಟನ್ ವ್ಯೂನ ಸಮಾಜ ಕಲ್ಯಾಣ ಕಚೇರಿಯ ಮುಂದೆ ಸಾಲು ನಿಲ್ಲಬೇಕಿತ್ತು. ಕೂಮ್ ಕೂಡ ನಿಂತಿದ್ದರು.

ಹಳೇ ಪುಸ್ತಕದ ಅಂಗಡಿಯಿಂದ ಯಾಹೂವರೆಗೆ

ಕಂಪ್ಯೂಟರ್ ನೆಟ್‌ವರ್ಕ್ ವಿದ್ಯೆಯನ್ನು ಅವರು ಕಲಿತದ್ದು ಸ್ವಂತವಾಗಿ. ಹಳೇ ಪುಸ್ತಕದ ಅಂಗಡಿಯಿಂದ ಮ್ಯಾನುಯಲ್‌ಗಳನ್ನು ಕೊಂಡು ತಂದು, ಓದಿ ಮುಗಿಸಿ, ಮತ್ತೆ ಅದೇ ಅಂಗಡಿಗೆ ವಾಪಸ್ ಕೊಡುತ್ತಿದ್ದರು. ಆಮೇಲೆ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಸೇರಿದರು. ಓದಿನ ಜೊತೆಗೆ ಅರ್ನ್ಸ್ಟ್ ಆ್ಯಂಡ್ ಯಂಗ್ ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆ ಪರೀಕ್ಷಿಸುವ ಕೆಲಸ.

1997ರಲ್ಲಿ ಅದೇ ಕೆಲಸದ ಮೇಲೆ ಯಾಹೂ ಎಂಬ ಇಂಟರ್ನೆಟ್ ಕಂಪನಿಗೆ ಹೋದಾಗ, ಅಲ್ಲಿ ಕೆಲಸದಲ್ಲಿದ್ದ ಬ್ರಯಾನ್ ಆಕ್ಟನ್ ಪರಿಚಯವಾದರು. ಮುಂದೆ ವಾಟ್ಸಾಪ್ ಕಟ್ಟಿದ ಇಬ್ಬರಲ್ಲಿ ಇನ್ನೊಬ್ಬರು ಇವರೇ. ಸ್ವಲ್ಪ ದಿನಕ್ಕೇ ಕೂಮ್ ಯಾಹೂ ನೌಕರರಾದರು, ಕಾಲೇಜು ಅರ್ಧಕ್ಕೆ ನಿಂತಿತು. ಯಾಹೂಗೆ ಆಗ ಮುಖ್ಯ ಆದಾಯ ಜಾಹೀರಾತಿನಿಂದಲೇ. ಜನರನ್ನು ಹೇಗೆ ಅಳೆಯುತ್ತಾರೆ, ಅವರ ಗಮನವನ್ನು ಹೇಗೆ ಮಾರುತ್ತಾರೆ ಅನ್ನುವುದನ್ನು ಇಬ್ಬರೂ ಒಳಗಿನಿಂದ ನೋಡಿದರು. ನೋಡಿ ಬೇಸತ್ತರು. 2007ರ ಸೆಪ್ಟೆಂಬರ್‌ನಲ್ಲಿ ಕೆಲಸ ಬಿಟ್ಟರು. ಆಮೇಲೆ ಫೇಸ್‌ಬುಕ್‌ಗೆ ಅರ್ಜಿ ಹಾಕಿದರೆ ಇಬ್ಬರಿಗೂ ಕೆಲಸ ಸಿಗಲಿಲ್ಲ.

ಎಸ್‌ಎಂಎಸ್ ಇತ್ತಲ್ಲ, ಇದು ಯಾಕೆ ಬೇಕಾಯಿತು?

2009ರ ಜನವರಿಯಲ್ಲಿ ಕೂಮ್ ಒಂದು ಐಫೋನ್ ಕೊಂಡರು. ಆ್ಯಪ್‌ಗಳ ಕಾಲ ಬರುತ್ತಿದೆ ಅನ್ನಿಸಿತು. ತಮ್ಮ ಹುಟ್ಟುಹಬ್ಬದ ದಿನವೇ, ಫೆಬ್ರುವರಿ 24ರಂದು, ವಾಟ್ಸಾಪ್ ಕಂಪನಿ ನೋಂದಾಯಿಸಿದರು.

ಮೊದಲು ಅಂದುಕೊಂಡಿದ್ದು ಮೆಸೇಜ್ ಆ್ಯಪ್ ಅಲ್ಲ, ಸುಮ್ನೆ ಸ್ಟೇಟಸ್ ತೋರಿಸುವ ಆ್ಯಪ್. 'ಜಿಮ್‌ನಲ್ಲಿದ್ದೇನೆ', 'ಬ್ಯಾಟರಿ ಮುಗಿಯುತ್ತಿದೆ' ಅಂತ ಹೆಸರಿನ ಪಕ್ಕ ಒಂದು ಸಾಲು, ಅಷ್ಟೇ. ಯಾರೂ ಕ್ಯಾರೇ ಅನ್ನಲಿಲ್ಲ. ಬಿಟ್ಟುಬಿಡೋಣ ಎಂದು ಕೂಮ್ ಯೋಚಿಸಿದಾಗ ಇನ್ನಷ್ಟು ತಿಂಗಳು ನೋಡು ಎಂದವರು ಆಕ್ಟನ್. ಅದೇ ಜೂನ್‌ನಲ್ಲಿ ಆ್ಯಪಲ್ ಕಂಪನಿ ಪುಷ್ ನೋಟಿಫಿಕೇಶನ್ ತಂದಿತು. ಅಂದರೆ ಆ್ಯಪ್ ತೆರೆಯದೆ ಇದ್ದರೂ ಫೋನ್ ತಾನೇ ಟಿಂಗ್ ಎನ್ನುವ ವ್ಯವಸ್ಥೆ. ಸ್ಟೇಟಸ್ ಬದಲಿಸಿದರೆ ಗೆಳೆಯರ ಫೋನೆಲ್ಲ ಟಿಂಗ್ ಅನ್ನತೊಡಗಿದವು. ಒಬ್ಬ 'ಎದ್ದಿದ್ದು ಲೇಟಾಯ್ತು' ಅಂತ ಹಾಕಿದರೆ ಇನ್ನೊಬ್ಬ ತನ್ನ ಸ್ಟೇಟಸ್‌ನಲ್ಲೇ ಉತ್ತರ ಕೊಟ್ಟ. ಜನ ಸ್ಟೇಟಸ್ಸನ್ನೇ ಮಾತಿಗೆ ಬಳಸುತ್ತಿದ್ದಾರೆ ಅಂತ ಕೂಮ್‌ಗೆ ಹೊಳೆಯಿತು. ಮೆಸೇಜ್ ಸೌಲಭ್ಯ ಸೇರಿಸಿದರು. ಬಳಕೆದಾರರು ಎರಡೂವರೆ ಲಕ್ಷಕ್ಕೆ ಏರಿದರು.

ಇದು ಓಡಿದ್ದು ಯಾಕೆ ಅಂತ ಅಮೆರಿಕದವರಿಗಿಂತ ನಮಗೇ ಚೆನ್ನಾಗಿ ಅರ್ಥವಾಗುತ್ತದೆ. ಎಸ್‌ಎಂಎಸ್‌ಗೆ ಒಂದೊಂದಕ್ಕೂ ಕಾಸು. ಪ್ಯಾಕ್ ಹಾಕಿಸಿದ್ದರೂ ದೀಪಾವಳಿ, ಹೊಸ ವರ್ಷದಂಥ ದಿನಗಳಲ್ಲಿ ಪ್ಯಾಕ್ ನಡೆಯುತ್ತಿರಲಿಲ್ಲ, ಪೂರ್ತಿ ದರ ಕಡಿತವಾಗುತ್ತಿತ್ತು. ಇಂಗ್ಲಿಷ್‌ನಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡದಲ್ಲಿ ಬರೆದರೆ 70 ಮಾತ್ರ! ಅದರಲ್ಲೂ ಗುಣಿತ, ಒತ್ತು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. 'ಮಂಡ್ಯ' ಕಣ್ಣಿಗೆ ಎರಡು ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಐದು. 'ಮೈಸೂರು' ಆರು. ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವುದಕ್ಕೆ ಇದೂ ಒಂದು ಕಾರಣ.

ಇನ್ನು ವಿದೇಶದ ಕರೆ. ಸರಸ್ವತಿಪುರಂ, ಕುವೆಂಪುನಗರದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಐಎಸ್‌ಡಿ ಬೂತಿನ ಗಾಜಿನ ಗೂಡಿನಲ್ಲಿ ನಿಂತು, ಮೀಟರಿನ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ, 'ಸರಿ ಮಗಾ, ಇಡ್ತೀನಿ' ಅಂತ ಮಾತು ನುಂಗಿದ ತಾಯಂದಿರು ಇಲ್ಲಿ ಬೇಕಾದಷ್ಟು ಜನ. ವಾಟ್ಸಾಪ್ ಬಳಸುವುದು ಇಂಟರ್ನೆಟ್ ಡೇಟಾವನ್ನು. ಡೇಟಾಕ್ಕೆ ಮಂಡ್ಯವೂ ಒಂದೇ, ಮೌಂಟನ್ ವ್ಯೂ ಕೂಡ ಒಂದೇ.

ಇನ್ನೆರಡು ನಿರ್ಧಾರಗಳು ಕೆಲಸ ಮಾಡಿದವು. ಒಂದು, ಫೋನ್ ನಂಬರೇ ಖಾತೆ. ಬೇರೆ ಹೆಸರು, ಪಾಸ್‌ವರ್ಡ್ ನೆನಪಿಡುವ ತಾಪತ್ರಯ ಇಲ್ಲ. ಫೋನ್‌ಬುಕ್‌ನಲ್ಲಿ ಇದ್ದವರೆಲ್ಲ ತಾನಾಗಿ ಕಾಣಿಸುತ್ತಾರೆ. ಇನ್ನೊಂದು, ದುಬಾರಿ ಫೋನಿಗೆ ಮಾತ್ರ ಅಂತ ಕೂರಲಿಲ್ಲ. ನೋಕಿಯಾದ ಅಗ್ಗದ ಕೀಪ್ಯಾಡ್ ಫೋನುಗಳಲ್ಲೂ ನಡೆಯುವಂತೆ ಮಾಡಿದರು. ಭಾರತದಲ್ಲಿ ವಾಟ್ಸಾಪ್ ಬಳಸುವವರು 53 ಕೋಟಿ ಎಂದು 2021ರಲ್ಲಿ ಕೇಂದ್ರ ಸರ್ಕಾರ ಹೇಳಿತ್ತು.

55 ಜನ, 45 ಕೋಟಿ ಬಳಕೆದಾರರು

ಒಂದು ಮೆಸೇಜ್ ಹೋಗುವ ದಾರಿ ಸರಳ. ನಿಮ್ಮ ಫೋನಿನಿಂದ ಕಂಪನಿಯ ಸರ್ವರ್‌ಗೆ, ಅಂದರೆ ಯಾವಾಗಲೂ ಚಾಲೂ ಇರುವ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಗೆ ತಲುಪಿದರೆ ಒಂದು ಟಿಕ್. ಅಲ್ಲಿಂದ ಎದುರಿನವರ ಫೋನಿಗೆ ಮುಟ್ಟಿದರೆ ಎರಡು ಟಿಕ್. ಅವರ ಫೋನ್ ಆಫ್ ಆಗಿದ್ದರೆ ಮೆಸೇಜ್ ಸರ್ವರ್‌ನಲ್ಲೇ ಕಾಯುತ್ತದೆ. ಮುಟ್ಟಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುತ್ತದೆ.

ಕಷ್ಟ ಇರುವುದು ಸಂಖ್ಯೆಯಲ್ಲಿ. ಕೋಟಿಗಟ್ಟಲೆ ಫೋನುಗಳು ಒಂದೇ ಹೊತ್ತಿಗೆ ಸರ್ವರ್‌ಗೆ ಅಂಟಿಕೊಂಡಿರುತ್ತವೆ. ಇದಕ್ಕೆ ಅವರು ಆರಿಸಿಕೊಂಡಿದ್ದು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಎರಿಕ್ಸನ್ ಕಂಪನಿ 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆಂದು ರೂಪಿಸಿದ್ದು. ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಕೆಲಸ ನಿಭಾಯಿಸುವುದೇ ಅದರ ಕಸುಬು. ಅದನ್ನು ಫ್ರೀಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಮೇಲೆ ಓಡಿಸಿದರು. ಒಂದೇ ಸರ್ವರ್ 20 ಲಕ್ಷಕ್ಕೂ ಹೆಚ್ಚು ಸಂಪರ್ಕ ತಡೆದುಕೊಳ್ಳುತ್ತಿದೆ ಎಂದು 2012ರ ಆರಂಭದಲ್ಲಿ ಹೇಳಿಕೊಂಡರು. ಹಾಗಾಗಿಯೇ 2014ರಲ್ಲಿ ಕಂಪನಿಯಲ್ಲಿ ಇದ್ದವರು 55 ಜನ, ಎಂಜಿನಿಯರುಗಳು 32.

ಖರ್ಚಿಗೆ ದುಡ್ಡು? ಹಳೇ ಯಾಹೂ ಗೆಳೆಯರಿಂದ 2009ರಲ್ಲಿ ಎರಡೂವರೆ ಲಕ್ಷ ಡಾಲರ್, 2011ರಲ್ಲಿ ಸಿಕೋಯಾ ಎಂಬ ಹೂಡಿಕೆ ಸಂಸ್ಥೆಯಿಂದ 80 ಲಕ್ಷ ಡಾಲರ್. ಬಳಕೆದಾರರಿಗೆ ಮೊದಲ ವರ್ಷ ಫ್ರೀ, ಆಮೇಲೆ ವರ್ಷಕ್ಕೆ ಸುಮಾರು ಒಂದು ಡಾಲರ್ ಅಂತ ಇತ್ತು. 2016ರಲ್ಲಿ ಅದನ್ನೂ ಕೈಬಿಟ್ಟರು. ಬಹಳ ಜನರ ಹತ್ತಿರ ಡೆಬಿಟ್, ಕ್ರೆಡಿಟ್ ಕಾರ್ಡೇ ಇಲ್ಲ ಅನ್ನುವುದು ಕಾರಣ. ಕೂಮ್ ತಮ್ಮ ಮೇಜಿನ ಮೇಲೆ ಆಕ್ಟನ್ ಬರೆದುಕೊಟ್ಟ ಚೀಟಿಯೊಂದನ್ನು ಇಟ್ಟುಕೊಂಡಿದ್ದರು: ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ.

ಫೇಸ್‌ಬುಕ್ ಅಷ್ಟೊಂದು ದುಡ್ಡು ಕೊಟ್ಟಿದ್ದು ಯಾಕೆ?

2014ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸುಮಾರು 1 ಲಕ್ಷ 38 ಸಾವಿರ ಕೋಟಿ ರೂಪಾಯಿಯ ರಾಜ್ಯ ಬಜೆಟ್ ಮಂಡಿಸಿದರು. ಅದೇ ದಿನ ರಾತ್ರಿ ಕೂಮ್ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಮನೆಗೆ ಹೋಗಿ ಮಾತುಕತೆ ನಡೆಸಿದರು. ಪ್ರೇಮಿಗಳ ದಿನ ಅಂತ ಜುಕರ್‌ಬರ್ಗ್ ಹೆಂಡತಿಗೆಂದು ಇಟ್ಟಿದ್ದ ಚಾಕೊಲೇಟ್ ಹಚ್ಚಿದ ಸ್ಟ್ರಾಬೆರಿಗಳು ಈ ವ್ಯವಹಾರದಲ್ಲಿ ಖಾಲಿಯಾದವು ಎಂದು ಆಗ ವರದಿಯಾಗಿತ್ತು. ಫೆಬ್ರುವರಿ 19ರಂದು ಬೆಲೆ ಹೊರಬಿತ್ತು: 1,900 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ 1 ಲಕ್ಷ 18 ಸಾವಿರ ಕೋಟಿ ರೂಪಾಯಿ ಆಸುಪಾಸು. ನಮ್ಮ ರಾಜ್ಯದ ಒಂದು ವರ್ಷದ ಬಜೆಟ್ಟಿಗೆ ಸ್ವಲ್ಪ ಕಡಿಮೆ.

ಎಲ್ಲವೂ ನಗದಲ್ಲ. 400 ಕೋಟಿ ಡಾಲರ್ ನಗದು, 1,200 ಕೋಟಿಗೆ ಫೇಸ್‌ಬುಕ್ ಶೇರು. ಉಳಿದ 300 ಕೋಟಿ, ಕಂಪನಿಯಲ್ಲೇ ಮುಂದುವರಿದರೆ ವರ್ಷಗಳ ಮೇಲೆ ಕೈಗೆ ಬರುವ ಶೇರು.

ಆದಾಯವೇ ಇಲ್ಲದಷ್ಟು ಸಣ್ಣ ಕಂಪನಿಗೆ ಈ ಬೆಲೆಯಾ? ಲೆಕ್ಕ ಹೀಗಿದೆ. ಆಗ ತಿಂಗಳಿಗೊಮ್ಮೆಯಾದರೂ ವಾಟ್ಸಾಪ್ ತೆರೆಯುವವರು 45 ಕೋಟಿ. ಭಾಗಿಸಿದರೆ ತಲೆಗೆ 42 ಡಾಲರ್, ಸುಮಾರು 2,600 ರೂಪಾಯಿ. ಅವರಲ್ಲಿ ಶೇ 70ರಷ್ಟು ಜನ ದಿನಾ ಬಳಸುತ್ತಿದ್ದರು. ದಿನಕ್ಕೆ 10 ಲಕ್ಷ ಹೊಸಬರು ಸೇರುತ್ತಿದ್ದರು. ಭಾರತ, ಬ್ರೆಜಿಲ್‌ನಂಥ ದೇಶಗಳಲ್ಲಿ ಜನ ಮೊದಲು ತೆರೆಯುವ ಆ್ಯಪ್ ಇದೇ ಆಗುತ್ತಿತ್ತು. ಇದು ಬೇರೆಯವರ ಕೈಗೆ ಹೋದರೆ ಫೇಸ್‌ಬುಕ್‌ಗೆ ಕಷ್ಟ. ಇಷ್ಟು ಜನರ ಅಭ್ಯಾಸವನ್ನು ಹೊಸದಾಗಿ ಕಟ್ಟುವುದಕ್ಕಿಂತ ಕೊಳ್ಳುವುದೇ ಮೇಲು ಅಂತ ಅವರು ಲೆಕ್ಕ ಹಾಕಿದರು.

ಒಪ್ಪಂದಕ್ಕೆ ಸಹಿ ಹಾಕಲು ಕೂಮ್ ಹೋಗಿದ್ದು ತಮ್ಮ ಆಫೀಸಿನ ಹತ್ತಿರದಲ್ಲೇ ಇದ್ದ, ಬಳಕೆ ನಿಂತಿದ್ದ ಒಂದು ಬಿಳಿ ಕಟ್ಟಡಕ್ಕೆ. ಫುಡ್ ಸ್ಟ್ಯಾಂಪ್‌ಗೆ ಸಾಲು ನಿಂತಿದ್ದ ಅದೇ ಸಮಾಜ ಕಲ್ಯಾಣ ಕಚೇರಿ. ಅದರ ಬಾಗಿಲಿಗೆ ಕಾಗದ ಒತ್ತಿಹಿಡಿದು ಸಹಿ ಮಾಡಿದರು.

ಮೆಸೇಜಿಗೆ ಬೀಗ ಹಾಕುವುದು ಅಂದರೆ

2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ಎಲ್ಲ ಮೆಸೇಜು, ಕರೆಗಳಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಪೂರ್ತಿ ಜಾರಿ ಮಾಡಿತು. ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಮೆಸೇಜ್ ಗುಪ್ತವಾಗಿರುತ್ತದೆ, ನಡುವೆ ವಾಟ್ಸಾಪ್ ಕಂಪನಿಗೂ ಓದಲು ಆಗುವುದಿಲ್ಲ ಎಂದರ್ಥ.

ಹೇಗೆ ಸಾಧ್ಯ? ಚಾಮುಂಡಿ ಬೆಟ್ಟದ ಹುಂಡಿ ನೆನೆಸಿಕೊಳ್ಳಿ. ಕಾಣಿಕೆಯನ್ನು ಯಾರು ಬೇಕಾದರೂ ಹಾಕಬಹುದು, ಅದಕ್ಕೆ ಕೀಲಿ ಬೇಡ. ಒಮ್ಮೆ ಒಳಗೆ ಬಿದ್ದದ್ದನ್ನು ತೆಗೆಯಲು ಮಾತ್ರ ಕೀಲಿ ಇದ್ದವರೇ ಬರಬೇಕು. ಪ್ರತಿ ಫೋನೂ ಇಂಥದ್ದೊಂದು ಹುಂಡಿಯನ್ನು ಹೊರಗಿಡುತ್ತದೆ, ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ನಿಮಗೆ ಬರೆಯುವವರ ಮಾತು ನಿಮ್ಮ ಹುಂಡಿಗೆ ಬೀಳುತ್ತದೆ. ಹೊತ್ತು ತರುವ ಸರ್ವರ್‌ಗೆ ಹುಂಡಿ ಕಾಣುತ್ತದೆ, ಒಳಗಿರುವುದು ಕಾಣುವುದಿಲ್ಲ. ನಿಜವಾದ ವಿಧಾನದಲ್ಲಿ ಇದಕ್ಕಿಂತ ಜಾಸ್ತಿ ಗಣಿತವಿದೆ, ಕೀಲಿಗಳೂ ಪದೇ ಪದೇ ಬದಲಾಗುತ್ತಿರುತ್ತವೆ. ತತ್ವ ಮಾತ್ರ ಇದೇ.

ಇದು ಏನನ್ನು ಮುಚ್ಚಿಡುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕಳಿಸಿದರು ಎಂಬಂಥ ಮಾಹಿತಿ ಕಂಪನಿಗೆ ಸಿಗಬಹುದು. ಫೋನೇ ಬೇರೆಯವರ ಕೈಗೆ ಸಿಕ್ಕರೆ ಮೆಸೇಜು ತೆರೆದಿಟ್ಟ ಹಾಗೆಯೇ. ಕಂಪನಿ ಓದಲಾಗದು ಎಂದ ಮೇಲೆ ಸುಳ್ಳು ಸುದ್ದಿಯನ್ನೂ ಓದಿ ತಡೆಯಲಾಗದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಒಬ್ಬ ಯುವಕನ ಪ್ರಾಣವೇ ಹೋಯಿತು. ಆ ತಿಂಗಳು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಬಂತು.

ಇಬ್ಬರೂ ಹೊರಟ ಮೇಲೆ

ಕೊಳ್ಳುವಾಗ ಫೇಸ್‌ಬುಕ್, ಎರಡೂ ಕಡೆಯ ಖಾತೆಗಳನ್ನು ತಾನಾಗಿ ಜೋಡಿಸಲು ಬರುವುದಿಲ್ಲ ಎಂದು ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ಗೆ ಹೇಳಿತ್ತು. 2016ರ ಆಗಸ್ಟ್‌ನಲ್ಲಿ ವಾಟ್ಸಾಪ್ ನಿಯಮ ಬದಲಾಗಿ ಫೋನ್ ನಂಬರಿನಂಥ ಮಾಹಿತಿ ಫೇಸ್‌ಬುಕ್ ಜೊತೆ ಹಂಚಿಕೆಯಾಗತೊಡಗಿತು. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕಮಿಷನ್ 2017ರಲ್ಲಿ 11 ಕೋಟಿ ಯೂರೋ ದಂಡ ಹಾಕಿತು.

ಅದೇ ವರ್ಷ ಆಕ್ಟನ್ ಹೊರಟರು. ಇನ್ನಷ್ಟು ದಿನ ಇದ್ದಿದ್ದರೆ ಬರುತ್ತಿದ್ದ ಸುಮಾರು 85 ಕೋಟಿ ಡಾಲರ್ ಮೌಲ್ಯದ ಶೇರು ಬಿಟ್ಟೇ ಹೋದರು. ಆಮೇಲೆ 5 ಕೋಟಿ ಡಾಲರ್ ಹಾಕಿ, ಸಿಗ್ನಲ್ ಎಂಬ ಇನ್ನೊಂದು ಮೆಸೇಜ್ ಆ್ಯಪ್‌ನ ಹಿಂದಿರುವ ಸಿಗ್ನಲ್ ಫೌಂಡೇಶನ್ ಕಟ್ಟಲು ಕೈಜೋಡಿಸಿದರು. ಕೂಮ್ 2018ರ ಏಪ್ರಿಲ್ 30ರಂದು ರಾಜೀನಾಮೆ ಪ್ರಕಟಿಸಿದರು. ಬಳಕೆದಾರರ ಮಾಹಿತಿ, ಎನ್‌ಕ್ರಿಪ್ಶನ್ ವಿಚಾರದಲ್ಲಿ ಭಿನ್ನಾಭಿಪ್ರಾಯ ಇತ್ತು ಎಂದು ಪತ್ರಿಕೆಗಳು ಬರೆದವು. ಅವರು ಬಹಿರಂಗವಾಗಿ ಜಗಳ ಆಡಲಿಲ್ಲ. ಹಳೇ ಪೋರ್ಷೆ ಕಾರುಗಳನ್ನು ರಿಪೇರಿ ಮಾಡಿಕೊಂಡು, ಫ್ರಿಸ್ಬಿ ಆಡಿಕೊಂಡು ಇರುತ್ತೇನೆ ಎಂದರು.

ಈಗ ವಾಟ್ಸಾಪ್ ದುಡಿಯುವುದು ಮುಖ್ಯವಾಗಿ ವ್ಯಾಪಾರಿಗಳಿಂದ. ಬ್ಯಾಂಕು, ಬಸ್ ಟಿಕೆಟ್ ಕಂಪನಿಗಳು ನಿಮಗೆ ಕಳಿಸುವ ಮೆಸೇಜಿಗೆ ಅವರು ಶುಲ್ಕ ಕಟ್ಟುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ 'ವಾಟ್ಸಾಪ್ ಮಾಡಿ' ಎಂಬ ಬಟನ್ ಇರುವ ಜಾಹೀರಾತಿನಿಂದಲೂ ಮೆಟಾಗೆ ಆದಾಯವಿದೆ. ಸ್ಟೇಟಸ್ ಪುಟದ ಜಾಹೀರಾತು ಇದಕ್ಕೆ ಹೊಸ ಸೇರ್ಪಡೆ. ಅದಕ್ಕೆ ನಿಮ್ಮ ದೇಶ, ಊರು, ಭಾಷೆ, ನೀವು ನೋಡುವ ಚಾನೆಲ್‌ಗಳಂಥ ಮಾಹಿತಿ ಬಳಸುತ್ತೇವೆ, ಖಾಸಗಿ ಮೆಸೇಜನ್ನಲ್ಲ ಎಂದು ಕಂಪನಿ ಹೇಳಿದೆ. ಚಾಟ್ ಪುಟದ ಒಳಗೆ ಜಾಹೀರಾತು ಇಲ್ಲ.

ದಾನವೂ ಶೇರಿನ ರೂಪದಲ್ಲಿ

2014ರಲ್ಲೇ ಕೂಮ್ ಸುಮಾರು 55 ಕೋಟಿ 60 ಲಕ್ಷ ಡಾಲರ್ ಮೌಲ್ಯದ ಫೇಸ್‌ಬುಕ್ ಶೇರುಗಳನ್ನು ಸಿಲಿಕಾನ್ ವ್ಯಾಲಿ ಕಮ್ಯುನಿಟಿ ಫೌಂಡೇಶನ್ ಎಂಬ ದಾನ ಸಂಸ್ಥೆಗೆ ಕೊಟ್ಟರು. ನಮ್ಮ ರೂಪಾಯಿಯಲ್ಲಿ ಸುಮಾರು 3,400 ಕೋಟಿ. ಚೆಕ್ ಬರೆಯದೆ ಶೇರನ್ನೇ ಯಾಕೆ ಕೊಡುತ್ತಾರೆ? ಶೇರು ಮಾರಿದರೆ ಲಾಭದ ಮೇಲೆ ತೆರಿಗೆ ಕಟ್ಟಬೇಕು. ಶೇರನ್ನೇ ದಾನ ಮಾಡಿದರೆ ಆ ತೆರಿಗೆ ಇಲ್ಲ, ಮೇಲೆ ನಮ್ಮಲ್ಲಿ ದಾನಕ್ಕೆ ಸಿಗುವ 80ಜಿ ಥರದ ಆದಾಯ ತೆರಿಗೆ ವಿನಾಯಿತಿಯೂ ಸಿಗುತ್ತದೆ. ಇಂಥ ಸಂಸ್ಥೆಯಲ್ಲಿ ದಾನಿಯ ಹೆಸರಿನಲ್ಲಿ ಒಂದು ನಿಧಿ ಇಡಬಹುದು. ದುಡ್ಡು ಸಂಸ್ಥೆಯದ್ದಾಗುತ್ತದೆ, ಯಾರಿಗೆ ಕೊಡಬೇಕೆಂಬ ಸಲಹೆ ಮಾತ್ರ ದಾನಿಯದ್ದು. ಖಾಸಗಿ ಫೌಂಡೇಶನ್ ಆದರೆ ವರ್ಷಕ್ಕೆ ಆಸ್ತಿಯ ಶೇ 5ರಷ್ಟು ಖರ್ಚು ಮಾಡಲೇಬೇಕೆಂಬ ನಿಯಮವಿದೆ. ಇಂಥ ನಿಧಿಗೆ ಆ ಗಡುವಿಲ್ಲ. ದಾನ ಅಂತ ಹೆಸರಾದ ದುಡ್ಡು ನಿಜವಾದ ಕೆಲಸಕ್ಕೆ ಇಳಿಯುವುದು ವರ್ಷಗಟ್ಟಲೆ ತಡವಾಗಬಹುದು ಎಂಬ ಟೀಕೆ ಅಲ್ಲಿ ಹಳೆಯದು, ಅದರಲ್ಲಿ ಹುರುಳಿದೆ. ಆಮೇಲೆ ಅವರದ್ದೇ ಕೂಮ್ ಫ್ಯಾಮಿಲಿ ಫೌಂಡೇಶನ್ ಯಹೂದಿ ಸಮುದಾಯದ ಸಂಸ್ಥೆಗಳಿಗೆ ಹೆಚ್ಚಾಗಿ ನೆರವು ಕೊಡುತ್ತಾ ಬಂದಿದೆ.

ಮೊತ್ತದಲ್ಲಿ ಸಣ್ಣದಾದರೂ ಅವರ ಬದುಕಿಗೆ ಹತ್ತಿರದ್ದು ಇನ್ನೊಂದು ದಾನ. 2014ರ ನವೆಂಬರ್‌ನಲ್ಲಿ ಫ್ರೀಬಿಎಸ್‌ಡಿ ಫೌಂಡೇಶನ್‌ಗೆ 10 ಲಕ್ಷ ಡಾಲರ್ ಕೊಟ್ಟರು. ವಾಟ್ಸಾಪ್ ಸರ್ವರ್‌ಗಳು ಓಡಿದ್ದು ಅದರ ಮೇಲೆ ಅಂತ ಆಗಲೇ ಹೇಳಿದೆನಲ್ಲ. ಸರ್ಕಾರಿ ನೆರವಿನ ಮನೆಯಲ್ಲಿ ಕಾಸಿಲ್ಲದೆ ಇದ್ದ ದಿನಗಳಲ್ಲಿ ಕೂಮ್ ಕಲಿತದ್ದೂ ಅದರ ಮೇಲೇ. ಯಾಹೂ ಕೂಡ ಅದನ್ನೇ ಬಳಸುತ್ತಿದ್ದರಿಂದ ಅಲ್ಲಿ ಕೆಲಸ ಸಿಕ್ಕಿತು, ತನ್ನನ್ನು ಬಡತನದಿಂದ ಎತ್ತಿದ್ದರಲ್ಲಿ ಅದರ ಪಾಲಿದೆ ಎಂದು ಅವರು ಬರೆದುಕೊಂಡರು. ಆ ಫೌಂಡೇಶನ್ ಅಲ್ಲಿಯವರೆಗೆ ಪಡೆದಿದ್ದ ದೇಣಿಗೆಗಳಲ್ಲಿ ಅದೇ ದೊಡ್ಡದು. ಫ್ರೀಬಿಎಸ್‌ಡಿ ಈಗಲೂ ಉಚಿತ. ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಕಾಲೇಜಿನ ಮಕ್ಕಳು ಮನೆಯ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿಗೇ ಇಳಿಸಿಕೊಂಡು ನೋಡಬಹುದು.